"ಸಾಕಿ ಬೇರೆಯವ್ರಿಗೆ ಕೊಡೋದು ಪಾಪ ಅಲ್ವಾ ಡಾಕ್ಟ್ರೇ?": ಫಾಸ್ಟರ್ ಬಗ್ಗೆ ಒಂದು ಪ್ರಶ್ನೆ, ಸ್ವಲ್ಪ ಉದ್ದದ ಉತ್ತರ

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಾವು ಬೆಂಗಳೂರಲ್ಲಿ ಎರಡನೇ ಮಹಡಿ ಬಾಡಿಗೆ ಮನೇಲಿದೀವಿ, ನಾನು, ನಮ್ಮ ಯಜಮಾನ್ರು, ಅತ್ತೆ, ಐದು ವರ್ಷದ ಮಗ. ಜೊತೆಗೆ ಆರು ವರ್ಷದ ಲ್ಯಾಬ್ರಡಾರ್ ಇದೆ. ಹೋದ ವಾರ ನಮ್ಮ ರಸ್ತೇಲಿ ಒಂದು ತಾಯಿ ನಾಯಿ ಗಾಡಿಗೆ ಸಿಕ್ಕಿ ಸತ್ತೋಯ್ತು, ಮೂರು ಮರಿ ಉಳ್ಕೊಂಡಿವೆ. ಕಣ್ಣು ಬಿಟ್ಟಿವೆ, ಓಲಾಡ್ಕೊಂಡು ನಡೀತವೆ, ಒಂದು ತಿಂಗಳಿನವು ಇರಬೋದು ಅಂತಾರೆ. ಏರಿಯಾದ ರೆಸ್ಕ್ಯೂ ಗುಂಪಿನವ್ರು "ದತ್ತು ಹೋಗೋ ತನಕ ಒಂದೂವರೆ ತಿಂಗಳು ಫಾಸ್ಟರ್ ಮಾಡ್ತೀರಾ" ಅಂತ ಕೇಳಿದಾರೆ. ನಂಗೆ ಆಸೆ ಇದೆ, ಭಯಾನೂ ಇದೆ. ಮಗನಿಗೆ, ನಮ್ಮ ನಾಯಿಗೆ ಏನಾದ್ರೂ ರೋಗ ಬಂದ್ರೆ? ಅತ್ತೆ ಅಂತೂ "ಸಾಕಿ ಸಲಹಿ ಬೇರೆಯವ್ರಿಗೆ ಕೊಡೋದು ಪಾಪ ಕಣಮ್ಮ, ಇಟ್ಕೊಳ್ಳೋದಾದ್ರೆ ಇಟ್ಕೋ, ಇಲ್ಲಾಂದ್ರೆ ಮುಟ್ಲೇಬೇಡ" ಅಂತಾರೆ. ಏನ್ ಮಾಡ್ಲಿ?

ಉತ್ತರ:

ರೋಗದ ವಿಷಯ ಆಮೇಲೆ ಹೇಳ್ತೀನಿ ತಾಯಿ, ಮೊದ್ಲು ಅತ್ತೆಯವ್ರ ಮಾತಿಗೆ ಬರ್ತೀನಿ. ಯಾಕಂದ್ರೆ ಇಪ್ಪತ್ತು ಚಿಲ್ರೆ ವರ್ಷದ ಪ್ರಾಕ್ಟೀಸಲ್ಲಿ ಫಾಸ್ಟರ್ ಮಾಡ್ತೀನಿ ಅಂತ ಹೊರಟವ್ರು ಹಿಂದೆ ಸರಿದಿದ್ದು ರೋಗಕ್ಕೆ ಹೆದರಿ ಅಲ್ಲ, ದುಡ್ಡಿಗೂ ಅಲ್ಲ, ಹೆಚ್ಚಿನವ್ರು ಈ ಒಂದು ಮಾತಿಗೇ. ಅತ್ತೆಯವ್ರನ್ನ ಕೂರಿಸ್ಕೊಂಡು ಕೇಳಿ, "ಅತ್ತೆ, ನಿಮ್ಮ ಮಗಳ ಬಾಣಂತನ ಯಾರು ಮಾಡಿದ್ದು" ಅಂತ. ತವರಲ್ಲಿ ಮೂರು ತಿಂಗಳೋ ಐದು ತಿಂಗಳೋ ಇಟ್ಕೊಂಡು, ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ರಾತ್ರಿಯೆಲ್ಲಾ ಮಗು ಎತ್ಕೊಂಡು ಓಡಾಡಿ, ಮಗು ಕತ್ತು ನಿಂತು ಕೈಕಾಲು ಗಟ್ಟಿಯಾದ್ಮೇಲೆ ಮಡಿಲು ತುಂಬಿ ಕಳಿಸ್ತೀವಲ್ವಾ. ಕಾರು ತಿರುವಿನಲ್ಲಿ ಮರೆಯಾಗೋ ತನಕ ಬಾಗಿಲಲ್ಲಿ ನಿಂತು ಅಳ್ತೀವಿ, ಒಳಗೆ ಬಂದ್ರೆ ಖಾಲಿ ತೊಟ್ಟಿಲು ನೋಡಿ ಇನ್ನೊಂದು ಸಲ ಅಳ್ತೀವಿ. ಅದನ್ನ ಯಾರೂ ಪಾಪ ಅನ್ನಲ್ಲ. ಮರಿಗಳ ಫಾಸ್ಟರ್ ಅಂದ್ರೆ ಇದೇ, ಬಾಣಂತನ. ತಾಯಿ ಇಲ್ಲದ ಬಾಣಂತನ ಅಷ್ಟೇ. ಗಟ್ಟಿ ಮಾಡಿ ಕಳಿಸೋದೇ ಕೆಲಸ, ಕಳಿಸೋ ದಿನ ಇದೆ ಅಂತ ಗೊತ್ತಿದ್ದೇ ಶುರು ಮಾಡೋದು.

ಇನ್ನು ಫಾಸ್ಟರ್‌ಗೆ ತಗೋಬೇಕಾ ಬೇಡ್ವಾ ಅನ್ನೋ ಪ್ರಶ್ನೆ. ನನ್ನ ನೇರ ಅಭಿಪ್ರಾಯ ಕೇಳಿದ್ರೆ ಮೊದಲ ಸಲಕ್ಕೆ ಮೂರು ಮರಿ ಸ್ವಲ್ಪ ಜಾಸ್ತಿನೇ. ಹೊಸಬರಿಗೆ ಸುಲಭ ಅಂದ್ರೆ ಆಪರೇಶನ್ ಆಗಿ ಚೇತರಿಸ್ಕೊಳ್ತಿರೋ ದೊಡ್ಡ ನಾಯಿ, ಅದು ಹತ್ತು ದಿನ ಒಂದು ಮೂಲೇಲಿ ಮಲಗತ್ತೆ, ಮಾತ್ರೆ ಕೊಟ್ಟು ಹೊಲಿಗೆ ನೆಕ್ಕದ ಹಾಗೆ ನೋಡ್ಕೊಂಡ್ರೆ ಮುಗೀತು. ಆದ್ರೂ ಎಲ್ರೂ ಮರೀನೇ ಕೇಳ್ತಾರೆ, ಮುದ್ದಾಗಿರತ್ತೆ ಅಂತ. ಮರಿ ಅಂದ್ರೆ ದಿನಕ್ಕೆ ಹನ್ನೆರಡು ಸಲ ಪೇಪರ್ ಬದಲಾಯಿಸೋದು. ಆದ್ರೆ ನಿಮ್ಮ ಕೇಸಲ್ಲಿ ಮರಿಗಳು ಒಂದು ತಿಂಗಳಿನವು ಅಂತೀರಿ, ಹಲ್ಲು ಬಂದಿರತ್ತೆ, ತಾವಾಗೇ ನೆಕ್ಕಿ ತಿನ್ನೋಕೆ ಶುರು ಮಾಡೋ ವಯಸ್ಸು, ಮನೇಲಿ ಹಗಲು ಹೊತ್ತು ಅತ್ತೆ ಇರ್ತಾರೆ, ಹಂಗಾಗಿ ಮಾಡಬೋದು. ಇದೇ ಮರಿಗಳು ಕಣ್ಣು ಬಿಡದ ವಾರದ ಕೂಸುಗಳಾಗಿದ್ರೆ ಬೇಡ ಅಂತಿದ್ದೆ. ಅವಕ್ಕೆ ಎರಡೆರಡು ಗಂಟೆಗೆ ಬಾಟಲಿ, ರಾತ್ರೀನೂ ಸೇರಿ, ಹಾಲು ಕುಡಿಸಿದ ಮೇಲೆ ಒದ್ದೆ ಹತ್ತೀಲಿ ಉಜ್ಜದೇ ಇದ್ರೆ ಉಚ್ಚೆ ಕೂಡ ಮಾಡಕ್ಕೆ ಬರಲ್ಲ, ಮೈ ಬಿಸಿ ತಾವಾಗೇ ಕಾಯ್ಕೊಳ್ಳೋಕೂ ಆಗಲ್ಲ. ಮೈ ತಣ್ಣಗಿರೋ ಮರಿಗೆ ಹಾಲು ಕುಡಿಸಿದ್ರೆ ಅದು ಜೀರ್ಣವೇ ಆಗಲ್ಲ, ಮೊದ್ಲು ಬೆಚ್ಚಗೆ ಮಾಡಿ ಆಮೇಲೆ ಕುಡಿಸ್ಬೇಕು. ಇದು ಗೊತ್ತಿಲ್ದೆ ಎಷ್ಟು ಮರಿ ಹೋಗಿವೆಯೋ.

ಹಂಗೇ ಇನ್ನೊಂದು, ನಿಮ್ಮ ಮರಿಗಳ ತಾಯಿ ಸತ್ತಿರೋದು ನಿಮಗೆ ಗೊತ್ತು, ಸರಿ. ಆದ್ರೆ ಬೇರೆ ಎಲ್ಲಾದ್ರೂ ಮರಿ ಒಂಟಿಯಾಗಿ ಕಂಡ್ರೆ ತಕ್ಷಣ ಎತ್ಕೊಂಡು ಬರಬೇಡಿ, ತಾಯಿ ಊಟ ಹುಡುಕ್ಕೊಂಡು ಹೋಗಿರತ್ತೆ, ದೂರ ನಿಂತು ಕೆಲವು ಗಂಟೆ ಕಾಯಿರಿ. ನಮ್ಮ ಬೀದಿ ನಾಯಿಗಳು ಮಳೆಗಾಲದ ಕೊನೇಲಿ ಕೂಡೋದು ಹೆಚ್ಚು, ಅದಕ್ಕೇ ದೀಪಾವಳಿ ಆದ್ಮೇಲೆ ಚಳಿ ಶುರುವಾಗ್ತಿದ್ದಂಗೆ ಎಲ್ಲಿ ನೋಡಿದ್ರೂ ಮರಿಗಳು. ಆಗ "ರೆಸ್ಕ್ಯೂ" ಅಂತ ಹೇಳ್ಕೊಂಡು ತಾಯಿ ಇರೋ ಮರಿಗಳನ್ನೇ ರಟ್ಟಿನ ಡಬ್ಬದಲ್ಲಿ ಹಾಕ್ಕೊಂಡು ಬರ್ತಾರೆ ನನ್ನ ಕ್ಲಿನಿಕ್ಕಿಗೆ. ಒಳ್ಳೆ ಮನಸ್ಸಿಂದಾನೇ ತರ್ತಾರೆ, ಅತ್ಲಾಗೆ ತಾಯಿ ಮೊಲೆ ಕಲ್ಲಾಗಿ ಬೀದಿ ಬೀದಿ ಹುಡುಕ್ತಾ ಇರತ್ತೆ.

ಈಗ ನಿಮ್ಗೊಂದು ಅನುಮಾನ ಬರಬೋದು, ಇಷ್ಟೆಲ್ಲಾ ಕಷ್ಟ ಯಾಕೆ, ಶೆಲ್ಟರ್‌ಗೆ ಕೊಟ್ರೆ ಆಗಲ್ವಾ ಅಂತ. ನಮ್ಮೂರಲ್ಲಿ ಕ್ಯೂಪಾ ಅನ್ನೋ ಪ್ರಾಣಿಗಳ ಆಸರೆ ಸಂಸ್ಥೆ 1991ರಿಂದ ಇದೆ, ಕ್ರಿಸ್ಟಲ್ ರೋಜರ್ಸ್ ಅಂತ ಒಬ್ಬ ಇಂಗ್ಲಿಷ್ ಹೆಂಗಸು, ದೆಹಲಿ ಜೈಪುರ ಎಲ್ಲಾ ಕಡೆ ಪ್ರಾಣಿಗಳಿಗೆ ಆಸರೆ ಕಟ್ಟಿ ಕೊನೆಗೆ ಇಳಿವಯಸ್ಸಲ್ಲಿ ಬೆಂಗಳೂರಿಗೆ ಬಂದು ಶುರು ಮಾಡಿದ್ದು. ಆಮೇಲೆ ಎಷ್ಟೋ ಗುಂಪುಗಳು ಬಂದ್ವು. ಶೆಲ್ಟರ್ ಒಳ್ಳೇದೇ, ಕೆಟ್ಟದ್ದು ಅಂತಲ್ಲ. ಆದ್ರೆ ದಿನಾ ಹೊಸ ಹೊಸ ನಾಯಿ ಬರೋ ಜಾಗ ಅದು, ಕಾಲು ಮುರಿದಿದ್ದು, ಕಜ್ಜಿ ಹತ್ತಿದ್ದು, ಪಾರ್ವೋ ಆಗಿದ್ದು, ಡಿಸ್ಟೆಂಪರ್ ಆಗಿದ್ದು, ಎರಡೂ ಮರಿಗಳ ಪ್ರಾಣ ತೆಗೆಯೋ ವೈರಸ್ ರೋಗಗಳು. ಲಸಿಕೆ ಪೂರ್ತಿ ಆಗದ ಮರಿಗೆ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಎಷ್ಟೇ ಚೊಕ್ಕವಾಗಿ ಇಟ್ಟಿದ್ರೂ ಅಷ್ಟೇ. ಅದಕ್ಕೇ ರೆಸ್ಕ್ಯೂ ಗುಂಪಿನವ್ರೇ ನಿಮ್ಮ ಹತ್ರ ಬಂದು ಕೇಳ್ತಿರೋದು.

ಇದ್ರಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನ ಬಿಡಿಸಿ ಹೇಳ್ತೀನಿ, ಇದೊಂದು ಅರ್ಥ ಆದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಅರ್ಥ ಆಗತ್ತೆ. ಹುಟ್ಟಿದ ಮೊದಲ ದಿನ ಕುಡಿಯೋ ಗಿಣ್ಣುಹಾಲಿಂದ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ಬರತ್ತೆ. ಅದು ನಿಧಾನಕ್ಕೆ ಕರಗ್ತಾ ಹೋಗತ್ತೆ. ಒಂದು ಮರಿಗೆ ಆರನೇ ವಾರಕ್ಕೇ ಕರಗಿರತ್ತೆ, ಇನ್ನೊಂದಕ್ಕೆ ಹದಿನಾಲ್ಕು ಹದಿನಾರು ವಾರದ ತನಕ ಎಳೆಯತ್ತೆ. ಆ ಶಕ್ತಿ ಮೈಯಲ್ಲಿ ಇರೋ ತನಕ ನಾವು ಹಾಕಿದ ಲಸಿಕೇನೂ ಅದು ಹೊಡೆದು ಹಾಕ್ಬಿಡತ್ತೆ. ಯಾವ ಮರಿಗೆ ಯಾವಾಗ ಕರಗತ್ತೆ ಅಂತ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ಅದಕ್ಕೇ ಆರರಿಂದ ಎಂಟು ವಾರದ ಒಳಗೆ ಮೊದಲನೇದು ಹಾಕಿ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದ ತನಕ ಹಾಕ್ತಾ ಹೋಗೋದು. ಜನ ಏನಂದ್ಕೊಳ್ತಾರೆ, ಒಂದು ಇಂಜೆಕ್ಷನ್ ಆಯ್ತು ಇನ್ನೇನು ಭಯ ಇಲ್ಲ, ಪಾರ್ಕಿಗೆ ಕರ್ಕೊಂಡು ಹೋಗೋಣ ಅಂತ. ಅಲ್ಲೇ ಎಡವೋದು. ತಾಯಿಯ ರಕ್ಷಣೆ ಹೋಗಿ ಲಸಿಕೆಯದು ಇನ್ನೂ ಹಿಡಿಯದ ಒಂದು ಸಂಧಿ ಕಾಲ ಇರತ್ತೆ, ಪಾರ್ವೋ ಬಂದು ಹಿಡಿಯೋದು ಸರಿಯಾಗಿ ಆಗ. ನಿಮ್ಮ ಒಂದೂವರೆ ತಿಂಗಳು ಬೀಳೋದೂ ಅದೇ ಹೊತ್ತಿಗೆ. ಹಂಗಾಗಿ ಮರಿಗಳ ಕಾಲು ಬೀದಿ ನೆಲಕ್ಕೆ ತಾಗಬಾರದು, ಎತ್ಕೊಂಡು ತೋರ್ಸಿ, ಇಳಿಸಬೇಡಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಅಷ್ಟೊತ್ತಿಗೆ ಅವು ಹೊಸ ಮನೇಲಿ ಇರ್ತಾವೆ, ಆದ್ರೆ ಕಾರ್ಡಲ್ಲಿ ತಾರೀಖು ಬರೆದು ಕೊಡೋದು ನಿಮ್ಮ ಕೆಲಸ.

ಪಾರ್ವೋ ವಿಷಯಕ್ಕೆ ನನ್ನದೇ ಒಂದು ತಪ್ಪು ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಮರೀನ ಮನೆಗೆ ತಂದಿಟ್ಟಿದ್ದೆ, ನಾಲ್ಕನೇ ದಿನ ವಾಂತಿ, ಆಮೇಲೆ ರಕ್ತ ಭೇದಿ, ಡ್ರಿಪ್ ಹಾಕಿದ್ರೂ ಉಳೀಲಿಲ್ಲ. ಬಾತ್‌ರೂಮು, ಬಾಲ್ಕನಿ ಎಲ್ಲಾ ಫಿನಾಯಿಲ್ ಹಾಕಿ ತಿಕ್ಕಿ ತೊಳೆದೆ, ಮನೆಯೆಲ್ಲಾ ಆಸ್ಪತ್ರೆ ವಾಸನೆ ಬರೋ ತನಕ. ಎರಡು ತಿಂಗಳು ಬಿಟ್ಟು ಇನ್ನೆರಡು ಮರಿ ತಂದೆ. ಎರಡೂ ಹೋದ್ವು. ಓದಿದ ಡಾಕ್ಟರ್ ನಾನು, ಪರೀಕ್ಷೇಲಿ ಇದೇ ಪ್ರಶ್ನೆಗೆ ಉತ್ತರ ಬರೆದು ಪಾಸಾದವನು, ಮನೇಲಿ ಮಾತ್ರ ಅಮ್ಮ ಇಟ್ಟಿದ್ದ ಫಿನಾಯಿಲ್ ಬಾಟಲಿ ಕೈಗೆ ಸಿಕ್ತು ಅಂತ ಅದನ್ನೇ ಹಾಕಿದ್ದೆ. ಪಾರ್ವೋ ವೈರಸ್ ತಿಂಗಳುಗಟ್ಟಲೆ, ಮಣ್ಣಲ್ಲಿ ವರ್ಷದ ತನಕಾನೂ ಬದುಕಿರತ್ತೆ, ಫಿನಾಯಿಲ್ ಅನ್ನ ನಂಬೋ ಹಾಗಿಲ್ಲ. ದ್ರವದ ಬ್ಲೀಚ್ ಬೇಕು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು, ಮೊದ್ಲು ಕೊಳೆ ಪೂರ್ತಿ ಸೋಪಲ್ಲಿ ತೆಗೆದು ಆಮೇಲೆ ಇದನ್ನ ಹಾಕಿ ಹತ್ತು ನಿಮಿಷ ಹಂಗೇ ಬಿಡ್ಬೇಕು. ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ, ಬರೋ ಗ್ಯಾಸ್ ನಿಮ್ಮ ಶ್ವಾಸಕೋಶ ಸುಡತ್ತೆ. ಮಣ್ಣು, ಸೋಫಾ ಇವಕ್ಕೆ ಬ್ಲೀಚ್ ಹಾಕಕ್ಕಾಗಲ್ಲ, ಅದಕ್ಕೇ ಮರಿಗಳನ್ನ ಟೈಲ್ಸ್ ನೆಲದ ಮೇಲೆ ಇಡಿ ಅನ್ನೋದು. ನಿಮ್ಮ ಮನೇಲಿ ಕಳೆದ ಒಂದು ವರ್ಷದಲ್ಲಿ ಯಾವತ್ತಾದ್ರೂ ಪಾರ್ವೋ ಆಗಿದ್ರೆ ಈ ಮರಿಗಳನ್ನ ತರಲೇಬೇಡಿ. ಗುಂಪಿನವ್ರಿಗೂ ಅದನ್ನ ಹೇಳ್ಬಿಡಿ.

ನಿಮ್ಮ ಲ್ಯಾಬ್ರಡಾರ್‌ಗೆ ಲಸಿಕೆ ಕಾರ್ಡ್ ತೆಗೆದು ನೋಡಿ, ಬೂಸ್ಟರ್ ತಪ್ಪಿದ್ರೆ ಮರಿಗಳು ಬರೋಕೆ ಮುಂಚೆ ಹಾಕ್ಸಿ. ಲಸಿಕೆ ಸರಿಯಾಗಿರೋ ಆರು ವರ್ಷದ ನಾಯಿಗೆ ಮರಿಗಳಿಂದ ದೊಡ್ಡ ಅಪಾಯ ಇಲ್ಲ, ಆದ್ರೂ ಎರಡು ವಾರ ಬೇರೆ ರೂಮು, ಬೇರೆ ತಟ್ಟೆ, ಬೇರೆ ಬಟ್ಟೆ. ಮರಿಗಳ ಕೆಲಸ ಕೊನೇಗೆ ಇಟ್ಕೊಳ್ಳಿ, ಮೊದ್ಲು ನಿಮ್ಮ ನಾಯಿಯದ್ದು ಮುಗಿಸಿ ಆಮೇಲೆ ಅವುಗಳ ಹತ್ರ ಹೋಗಿ. ಮರಿಗಳಿಂದ ಅದಕ್ಕೆ ಬರೋದಾದ್ರೆ ಉಣ್ಣೆ, ಚಿಗಟ, ಕಜ್ಜಿ ಇಂಥವೇ ಜಾಸ್ತಿ. ಹಂಗಂತ ದೊಡ್ಡ ನಾಯಿಗೆ ಹಾಕೋ ಉಣ್ಣೆ ಪೌಡರನ್ನೋ ಸ್ಪ್ರೇನೋ ಮರಿಗಳಿಗೆ ಹಾಕ್ಬಿಡಬೇಡಿ, ಈ ವಯಸ್ಸಿಗೆ ವಿಷ ಆಗತ್ತೆ, ಸಣ್ಣ ಹಲ್ಲಿನ ಬಾಚಣಿಗೇಲಿ ಬಾಚಿ ಸೋಪು ನೀರಿಗೆ ಹಾಕಿ, ಔಷಧಿ ಬೇಕಾದ್ರೆ ತೂಕ ನೋಡಿ ಡಾಕ್ಟರೇ ಕೊಡ್ಲಿ.

ಮಗನ ವಿಷಯ. ಇದ್ರಲ್ಲಿ ನಾನು ಯಾವ ರಿಯಾಯಿತೀನೂ ಕೊಡಲ್ಲ. ಬೀದಿ ಮರಿ ಅಂದ್ಮೇಲೆ ಹೊಟ್ಟೇಲಿ ಜಂತುಹುಳ ಇದ್ದೇ ಇರತ್ತೆ ಅಂತ ಇಟ್ಕೊಳ್ಳಿ, ತಾಯಿ ಹೊಟ್ಟೇಲಿರೋವಾಗಲೇ ಬಂದಿರತ್ತೆ. ತೆಳ್ಳಗಿನ ಮೈ, ಡೊಳ್ಳು ಹೊಟ್ಟೆ ನೋಡಿ ಜನ "ಚೆನ್ನಾಗಿ ತಿಂದಿದೆ" ಅಂತಾರೆ, ಅದು ಹುಳ. ಎರಡು ವಾರಕ್ಕೊಮ್ಮೆ ಹುಳದ ಔಷಧಿ, ತೂಕ ನೋಡಿ. ಈ ಹುಳದ ಮೊಟ್ಟೆ ಹೇಲಲ್ಲಿ ಬಂದ ತಕ್ಷಣ ಮನುಷ್ಯರಿಗೆ ಅಂಟಲ್ಲ, ಬಿದ್ದ ಜಾಗದಲ್ಲಿ ಎರಡು ವಾರದ ಮೇಲೆ ಬಲಿತು ಆಮೇಲೆ ಅಂಟೋದು, ಹಂಗಾಗಿ ದಿನಾ ಎತ್ತಿ ಹಾಕಿ ತೊಳೆದ್ರೆ ಅರ್ಧ ಯುದ್ಧ ಗೆದ್ದಂಗೆ. ಮಿಕ್ಕ ಅರ್ಧ ಮಗನ ಕೈ, ಮುಟ್ಟಿದ ಮೇಲೆ ಸೋಪು, ಊಟದ ಹತ್ರ ಮರಿ ಬೇಡ, ಮುಖಕ್ಕೆ ಮುತ್ತು ಬೇಡ. ಮರಿ ಮೈಮೇಲೆ ಕೂದಲು ಉದುರಿ ರೂಪಾಯಿ ನಾಣ್ಯದ ತರ ಗುಂಡಗೆ ಕಾಣಿಸಿದ್ರೆ ಅದು ಹುಳುಕಡ್ಡಿ ಇರಬೋದು, ಮಕ್ಕಳಿಗೆ ಬೇಗ ಹತ್ತತ್ತೆ, ತೋರಿಸೋ ತನಕ ಮಗ ದೂರ ಇರ್ಲಿ.

ಆಮೇಲೆ ರೇಬೀಸ್. "ಸಣ್ಣ ಮರಿ, ಹಾಲು ಹಲ್ಲು, ಅದು ಕಚ್ಚಿದ್ರೆ ಏನಾಗತ್ತೆ" ಅನ್ನೋ ಮಾತು ನಮ್ಮ ಕಡೆ ಎಲ್ರ ಬಾಯಲ್ಲೂ ಇದೆ. ತಪ್ಪು. ಒಂದು ತಿಂಗಳ ಮರಿಗೂ ರೇಬೀಸ್ ಬರಬೋದು, ತಾಯೀನ ಯಾವ ನಾಯಿ ಕಚ್ಚಿತ್ತೋ, ಮರಿಗಳನ್ನ ಯಾವುದು ಬಂದು ಬಾಯಿ ಹಾಕಿತ್ತೋ ನಮಗೆ ಗೊತ್ತಿಲ್ಲ. ಹಲ್ಲು ತಾಗಿ ಚರ್ಮ ತರಚಿದ್ರೂ ಸರಿ, ಉಗುರು ಗೀರಿ ರಕ್ತ ಬಂದ್ರೂ ಸರಿ, ಹರಿಯೋ ನಲ್ಲಿ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೀರಿ, ಗಡಿಯಾರ ನೋಡ್ಕೊಂಡು, ಯಾಕಂದ್ರೆ ಹದಿನೈದು ನಿಮಿಷ ಅಂದ್ರೆ ನೀವು ಅಂದ್ಕೊಂಡಿದ್ದಕ್ಕಿಂತ ಬಹಳ ಹೊತ್ತು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಹಚ್ಚಬಾರದು. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಶುರು ಮಾಡ್ತಾರೆ, ಚರ್ಮದೊಳಗೆ ಹಾಕೋ ಪದ್ಧತೀಲಿ ಮೊದಲ ದಿನ, ಮೂರು, ಏಳು, ಇಪ್ಪತ್ತೆಂಟನೇ ದಿನ. ರಕ್ತ ಬಂದ ಗಾಯ ಆದ್ರೆ ಗಾಯದ ಸುತ್ತ ಹಾಕೋ ಇಮ್ಯುನೋಗ್ಲಾಬ್ಯುಲಿನ್ ಅಂತ ಬೇರೆ ಇದೆ, ಅದನ್ನೂ ಕೇಳಿ. ನೀವು ಫಾಸ್ಟರ್ ಮುಂದುವರಿಸ್ತೀರಾ ಅಂದ್ರೆ ಕಚ್ಚೋಕೆ ಮುಂಚೇನೇ ಹಾಕಿಸ್ಕೊಳ್ಳೋ ಲಸಿಕೆ ಬಗ್ಗೆ ನಿಮ್ಮ ಡಾಕ್ಟರ್ ಹತ್ರ ಮಾತಾಡಿ, ನಾವು ಪಶುವೈದ್ಯರೆಲ್ಲಾ ಹಾಕಿಸ್ಕೊಂಡಿರ್ತೀವಿ.

ಹೆದರಿಸಿದ್ದು ಸಾಕು, ಊಟಕ್ಕೆ ಬರೋಣ. ಹಸುವಿನ ಹಾಲು ಬೇಡ. ನಾಯಿ ಹಾಲಲ್ಲಿ ಕೊಬ್ಬು, ಪ್ರೋಟೀನು ಎರಡೂ ಬಹಳ ಜಾಸ್ತಿ, ಹಸು ಹಾಲು ಅವಕ್ಕೆ ನೀರು ಇದ್ದಂಗೆ, ಸಾಲದ್ದಕ್ಕೆ ಭೇದಿ ಬೇರೆ. ಮರಿಗಳ ಡ್ರೈ ಫುಡ್ ತಂದು ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ, ಇಡ್ಲಿ ಹಿಟ್ಟಿನ ಹದಕ್ಕೆ ಬರ್ಬೇಕು. ಅಗಲವಾದ ತಟ್ಟೇಲಿ ಹಾಕಿ ಇಡಿ. ಮೊದಲನೇ ದಿನ ನೋಡಿ ಮಜಾ, ಒಂದು ತಟ್ಟೆ ಒಳಗೆ ನಡ್ಕೊಂಡು ಹೋಗತ್ತೆ, ಇನ್ನೊಂದು ಮೂಗಿನ ತನಕ ಮುಳುಗಿಸಿ ಸೀನತ್ತೆ, ಮೂರನೇದು ಇವೆರಡರ ಕಾಲು ನೆಕ್ಕೊಂಡೇ ಹೊಟ್ಟೆ ತುಂಬಿಸ್ಕೊಳ್ಳತ್ತೆ. ಎರಡು ದಿನ ಅಷ್ಟೇ, ಕಲಿತುಬಿಡ್ತವೆ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಅತ್ತೆಯವ್ರು ಮನೆಯೊಳಗೆ ಮೊಟ್ಟೆ ಕೋಳಿ ಬೇಡ ಅಂದ್ರೆ ಪರವಾಗಿಲ್ಲ, ಈ ಡ್ರೈ ಫುಡ್ಡಲ್ಲೇ ಎಲ್ಲಾ ಇರತ್ತೆ, ಅದಕ್ಕೊಂದು ಪಾತ್ರೆ ಬಾಲ್ಕನೀಲಿ ಬೇರೆ ಇಟ್ಬಿಡಿ. ರಾಗಿ ಅಂಬಲಿ, ಮೊಸರನ್ನ ಒಂದು ಹೊತ್ತಿಗೆ ಬೆರೆಸಿದ್ರೆ ತಪ್ಪಿಲ್ಲ, ಅದೇ ಊಟ ಆಗಬಾರದು, ಬೆಳೆಯೋ ಮರಿಗೆ ಸಾಲಲ್ಲ.

ತೂಕ ದಿನಾ ನೋಡಿ. ಅಡುಗೆ ಮನೆ ಡಿಜಿಟಲ್ ತಕ್ಕಡಿ ಸಾಕು, ಮೇಲೊಂದು ಡಬ್ಬಿ ಇಟ್ಟು ಅದ್ರೊಳಗೆ ಮರಿ. ಮೂರೂ ಒಂದೇ ತರ ಇದ್ರೆ ಗುರುತಿಗೆ ಕತ್ತಿಗೆ ದಾರ ಕಟ್ಟೋಕೆ ಹೋಗ್ಬೇಡಿ, ವಾರದಲ್ಲಿ ಕತ್ತು ದಪ್ಪ ಆಗಿ ದಾರ ಒಳಗೆ ಕೊರೆದಿರತ್ತೆ, ನೋಡಿದೀನಿ. ಉಗುರಿಗೆ ನೈಲ್ ಪಾಲಿಶ್ ಹಚ್ಚಿ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬೇರೆ ಬಣ್ಣ, ಒಂದಕ್ಕೆ ಬೇಡ. ಕ್ಯಾಲೆಂಡರಲ್ಲಿ ಬರೀತಾ ಹೋಗಿ. ತೂಕ ಒಂದು ದಿನ ಏರದೆ ನಿಂತ್ರೆ ಗಮನ ಇಡಿ, ಇಳಿದ್ರೆ ಫೋನ್ ಮಾಡಿ. ನಿಮ್ಮ ಕಣ್ಣಿಗೆ ಮರಿ ಸೊರಗಿದ್ದು ಕಾಣೋ ಒಂದು ದಿನ ಮುಂಚೆ ತಕ್ಕಡಿಗೆ ಕಂಡಿರತ್ತೆ. ಮಿಕ್ಕೆರಡು ಆಡ್ತಿರೋವಾಗ ಒಂದು ಮಾತ್ರ ಮೂಲೇಲಿ ಮಲಗಿದ್ರೆ, ಊಟ ಮೂಸಿ ಬಿಟ್ರೆ, ವಸಡು ಗುಲಾಬಿ ಹೋಗಿ ಬಿಳಿಚಿಕೊಂಡಿದ್ರೆ ನಾಳೆ ನೋಡೋಣ ಅನ್ನಬೇಡಿ, ಇವು ದಿನದ ಲೆಕ್ಕದಲ್ಲಿ ಅಲ್ಲ ಗಂಟೆ ಲೆಕ್ಕದಲ್ಲಿ ಹೋಗೋವು. ಹೊರಡೋ ಮುಂಚೆ ವಸಡಿಗೆ ಒಂದು ಬೆರಳು ಜೇನುತುಪ್ಪವೋ ಸಕ್ಕರೆ ನೀರೋ ಸವರಿ, ಸಕ್ಕರೆ ಅಂಶ ಇಳಿದು ದಾರೀಲೇ ತಪ್ಪಿಹೋಗೋ ಮರಿಗಳಿರ್ತವೆ. ಜ್ವರ ಅಂತ ಮಕ್ಕಳ ಪ್ಯಾರಸಿಟಮಾಲ್ ಸಿರಪ್ ಮಾತ್ರ ಹಾಕ್ಬೇಡಿ. ಮುಂದೆ ಯಾವತ್ತಾದ್ರೂ ಬೆಕ್ಕಿನ ಮರಿ ಫಾಸ್ಟರ್ ಮಾಡಿದ್ರೆ ಇದನ್ನ ಇನ್ನೂ ಗಟ್ಟಿಯಾಗಿ ನೆನಪಿಡಿ, ಬೆಕ್ಕಿಗೆ ಅದು ಪ್ರಾಣ ತೆಗೆಯೋ ಔಷಧಿ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದ ತನಕ ಮರಿ ಏನು ನೋಡತ್ತೋ ಏನು ಕೇಳತ್ತೋ ಅದೇ ಜೀವನ ಪೂರ್ತಿ ಅದಕ್ಕೆ "ಸಾಮಾನ್ಯ" ಅನ್ನಿಸೋದು. ಆ ಹೊತ್ತಲ್ಲಿ ಕಾಣದೇ ಇದ್ದಿದ್ದು ಮುಂದೆ ಭಯ. ನಿಮ್ಮ ಮನೇಲಿ ಮರಿಗಳು ಇರೋದು ಸರಿಯಾಗಿ ಆ ಹೊತ್ತಲ್ಲೇ, ಹಂಗಾಗಿ ಅವನ್ನ ಸದ್ದಿಲ್ಲದ ರೂಮಲ್ಲಿ ಬಾಗಿಲು ಹಾಕಿ ಇಡ್ಬೇಡಿ. ಕುಕ್ಕರ್ ಮೊದಲ ಸಲ ಕೂಗಿದಾಗ ಮೂರೂ ಹಾರಿ ಬಿದ್ದು ಒಂದರ ಕೆಳಗೊಂದು ನುಗ್ತವೆ. ನೀವು ಓಡಿ ಹೋಗಿ ಅಯ್ಯೋ ಕಂದಾ ಅಂತ ಎತ್ಕೋಬೇಡಿ, ಸುಮ್ನೆ ಇರಿ, ಎರಡನೇ ಕೂಗಿಗೆ ಕಿವಿ ಮಾತ್ರ ಆಡತ್ತೆ, ಒಂದು ವಾರಕ್ಕೆ ಕುಕ್ಕರ್ ಕೂಗಿದ್ರೆ ನಿದ್ದೇನೂ ಕೆಡಲ್ಲ. ಮಿಕ್ಸಿ, ಅತ್ತೆಯವ್ರ ಪೂಜೆ ಗಂಟೆ, ಕೊಡೆ ಬಿಚ್ಚೋದು, ಹೆಲ್ಮೆಟ್ ಹಾಕಿರೋ ಡೆಲಿವರಿ ಹುಡುಗ, ಗಡ್ಡದವ್ರು, ಕೋಲು ಹಿಡಿದ ಅಜ್ಜ, ಶಾಲೆ ಮಕ್ಕಳ ಕಿರುಚಾಟ, ಎಲ್ಲಾ ದೂರದಿಂದ ಸ್ವಲ್ಪ ಸ್ವಲ್ಪ ಕಾಣ್ಲಿ ಕೇಳಲಿ. ಶೆಲ್ಟರಲ್ಲಿ ಬೆಳೆದ ಮರಿಗೆ ಸಿಗದೇ ಇರೋದು ಇದು, ನೀವು ಕೊಡೋ ಎಲ್ಲದ್ರಲ್ಲಿ ಬೆಲೆ ಕಟ್ಟಕ್ಕಾಗದ್ದೂ ಇದೇ ಅಂತ ನನ್ನ ಲೆಕ್ಕ. ಎಂಟು ವಾರ ಆಗೋ ತನಕ ಮೂರನ್ನೂ ಬೇರೆ ಮಾಡಬೇಡಿ, ಎಷ್ಟು ಜೋರಾಗಿ ಕಚ್ಚಿದ್ರೆ ನೋವಾಗತ್ತೆ ಅನ್ನೋ ಪಾಠ ಅವು ಕಲಿಯೋದು ಒಡಹುಟ್ಟಿದವ್ರ ಕಿವಿ ಎಳೆದು, ತಿರುಗಿ ಕಚ್ಚಿಸ್ಕೊಂಡೇ.

ಮನೆ ಓನರ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಅಪಾರ್ಟ್‌ಮೆಂಟ್ ಸಂಘದವ್ರು ಸಾಕುಪ್ರಾಣಿ ಇಡಲೇಬಾರದು, ಲಿಫ್ಟಲ್ಲಿ ತರಬಾರದು ಅಂತ ನಿಷೇಧ ಹಾಕೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದ್ರೆ ನಿಮ್ಮದು ಬಾಡಿಗೆ, ಕರಾರು ಪತ್ರದಲ್ಲಿ ಏನು ಬರೆದಿದೆ ನೋಡಿ, ಓನರ್‌ಗೆ ಮೊದ್ಲೇ ಒಂದು ಮಾತು ಹಾಕಿ, "ಒಂದೂವರೆ ತಿಂಗಳು, ಇಂಥ ತಾರೀಖಿಗೆ ಹೋಗ್ತವೆ" ಅಂತ. ತಾರೀಖು ಹೇಳಿದ್ರೆ ಬಹಳ ಓನರ್‌ಗಳು ಒಪ್ಪಿದ್ದನ್ನ ನೋಡಿದೀನಿ. ಗುಂಪಿನವ್ರ ಹತ್ರಾನೂ ಇದೇ ತರ ಬಾಯಿ ಬಿಟ್ಟು ಕೇಳ್ಕೊಳ್ಳಿ, ಲಸಿಕೆ ಖರ್ಚು ಯಾರದ್ದು, ಊಟದ್ದು ಯಾರದ್ದು, ರಾತ್ರಿ ಹನ್ನೆರಡಕ್ಕೆ ಮರಿ ವಾಂತಿ ಮಾಡಿದ್ರೆ ಫೋನ್ ಎತ್ತೋರು ಯಾರು, ಒಂದೂವರೆ ತಿಂಗಳಿಗೆ ಮನೆ ಸಿಗದೇ ಹೋದ್ರೆ ಮರಿಗಳು ಎಲ್ಲಿಗೆ ಹೋಗ್ತವೆ. ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಕೊನೇ ಪ್ರಶ್ನೆಗೆ "ಅಯ್ಯೋ ಮೇಡಂ ಸಿಕ್ಕೇ ಸಿಗತ್ತೆ" ಅನ್ನೋ ಉತ್ತರ ಬಂದ್ರೆ ಅದು ಉತ್ತರ ಅಲ್ಲ. ಆ ಹೊತ್ತಲ್ಲಿ ನಿಮ್ಮ ಮನೇಲಿ ಮದುವೆಯೋ ಊರಿಗೆ ಹೋಗೋದೋ ಏನಾದ್ರೂ ಇದ್ರೆ ಬೇಡ ಅಂತ ಹೇಳೋಕೂ ಸಂಕೋಚ ಪಡಬೇಡಿ, ಆಸ್ಪತ್ರೆಗೆ ಗಾಡೀಲಿ ಕರ್ಕೊಂಡು ಹೋಗೋಕೆ, ಪಟಾಕಿ ಗಲಾಟೆಯ ದೀಪಾವಳಿ ವಾರದಲ್ಲಿ ಒಂದು ಹೆದರಿದ ನಾಯೀನ ಮನೆಯೊಳಗೆ ಇಟ್ಕೊಳ್ಳೋಕೆ, ಇಂಥದ್ದಕ್ಕೂ ಅವ್ರಿಗೆ ಜನ ಬೇಕೇ ಬೇಕು.

ಅಂದಹಾಗೆ ಈ ಫಾಸ್ಟರ್ ಅನ್ನೋದು ನಾಯಿ ಬೆಕ್ಕಿಗೆ ಮಾತ್ರ. ನಾಳೆ ಮಗ ಗೂಡಿಂದ ಬಿದ್ದ ಗೂಬೆ ಮರೀನೋ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದ ಹದ್ದನ್ನೋ ತಂದ್ರೆ ಮನೇಲಿ ಸಾಕೋಕೆ ಹೋಗ್ಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಗಿಳಿ, ನಕ್ಷತ್ರ ಆಮೆ ಎಲ್ಲಾ ಇದ್ರಲ್ಲೇ ಬರತ್ತೆ. ಗಾಳಿ ಆಡೋ ರಟ್ಟಿನ ಡಬ್ಬದಲ್ಲಿ ಕತ್ತಲೆ ಮಾಡಿ ಇಟ್ಟು ಅರಣ್ಯ ಇಲಾಖೆಗೋ ಕೆಂಗೇರಿ ಹತ್ರ ಇರೋ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಗೋ ತಲುಪಿಸಿ.

ದತ್ತು ಕೊಡೋ ಹೊತ್ತಿಗೆ ಬರೋಣ. ಮನೆ ಹುಡುಕೋದು ಗುಂಪಿನವ್ರ ಕೆಲಸ ಆದ್ರೂ ಮರಿ ಗುಣ ಗೊತ್ತಿರೋದು ನಿಮಗೆ, ಹಂಗಾಗಿ ಬಂದವ್ರ ಹತ್ರ ನೀವೂ ಮಾತಾಡಿ. ನಮ್ಮ ಜನಕ್ಕೆ ಇನ್ನೂ "ಕಂತ್ರಿ ನಾಯಿ" ಅಂದ್ರೆ ತಾತ್ಸಾರ, ಕಂಟ್ರಿ ಡಾಗ್ ಅಂದ್ರೆ ನಾಡ ನಾಯಿ ಅನ್ನೋದು ನಮ್ಮ ಬಾಯಲ್ಲಿ ಕಂತ್ರಿ ಆಗಿ ಬೈಗುಳವೇ ಆಗೋಯ್ತು ಅಂತಾರೆ, ಇರಲಿ. ಕೇಳೋರಲ್ಲಿ ಹತ್ತರಲ್ಲಿ ಎಂಟು ಜನ "ಗಂಡು ಮರಿ ಇದ್ರೆ ಹೇಳಿ" ಅಂತಾರೆ. ಹೆಣ್ಣು ಮರಿಗೆ ಆರು ತಿಂಗಳ ಆಸುಪಾಸಿಗೆ ಸಂತಾನಹರಣ ಆಪರೇಶನ್ ಮಾಡಿಸಿದ್ರೆ ಅವ್ರು ಹೆದರೋ ತಾಪತ್ರಯ ಯಾವುದೂ ಇರಲ್ಲ ಅಂತ ಬಿಡಿಸಿ ಹೇಳಿ. ನಾನು ಬಂದವ್ರನ್ನ ಎರಡೇ ಪ್ರಶ್ನೆ ಕೇಳೋದು. ಹಿಂದೆ ಇದ್ದ ನಾಯಿ ಏನಾಯ್ತು? ಮನೇಲಿ ಯಾರಿಗೆ ಇದು ಇಷ್ಟ ಇಲ್ಲ? ಎರಡನೇದಕ್ಕೆ "ಎಲ್ರಿಗೂ ಇಷ್ಟ" ಅಂದ್ರೆ ನಂಗೆ ಅನುಮಾನ, "ನಮ್ಮಪ್ಪ ಗೊಣಗ್ತಾರೆ, ಆದ್ರೆ ಹಿಂದಿನ ನಾಯಿಗೆ ಕದ್ದು ಬಿಸ್ಕತ್ ಹಾಕ್ತಿದ್ರು" ಅಂದ್ರೆ ಧೈರ್ಯ. ತೋಟ ಕಾಯೋಕೆ ನಾಯಿ ಬೇಕು ಅಂತ ಬರೋರನ್ನ ಮುಖ ನೋಡಿ ಬೇಡ ಅನ್ನಬೇಡಿ, ಚೆನ್ನಾಗಿ ನೋಡ್ಕೊಳ್ಳೋರೂ ಇದಾರೆ, ಆದ್ರೆ ಕನಕಪುರ, ಮಾಗಡಿ, ತುಮಕೂರು ಕಡೆ ತೋಟ ಅಂದ್ರೆ ರಾತ್ರಿ ನಾಯೀನ ಎಲ್ಲಿ ಕಟ್ತೀರಾ ಅಂತ ಕೇಳಲೇಬೇಕು, ಹೊರಗೆ ಕಟ್ಟಿದ ನಾಯಿ ಅಂದ್ರೆ ಚಿರತೆಗೆ ಬಡಿಸಿಟ್ಟ ಎಲೆ. ಮತ್ತೆ ಒಂದ್ಸಲ ತಗೊಂಡ್ಮೇಲೆ ಬೇಜಾರಾಯ್ತು ಅಂತ ಬೀದಿಗೆ ಬಿಡೋ ಹಾಗಿಲ್ಲ ಅನ್ನೋದನ್ನ ನೇರವಾಗಿ ಹೇಳಿ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶದಲ್ಲೂ ಬೀದಿ ನಾಯಿ ದತ್ತು ತಗೊಂಡವ್ರು ಅದು ಮತ್ತೆ ಬೀದಿಗೆ ಬರದ ಹಾಗೆ ನೋಡ್ಕೋಬೇಕು ಅಂತಾನೇ ಇದೆ. ಆಗದೇ ಇದ್ರೆ ವಾಪಸ್ ನಮ್ಮ ಹತ್ರಾನೇ ತನ್ನಿ, ಬೈಯಲ್ಲ ಅಂತಾನೂ ಹೇಳಿ.

ಕೊನೇಗೆ ನಿಮ್ಮ ಮನಸ್ಸು. ಹಚ್ಕೊಳ್ತೀರಿ, ಹಚ್ಕೊಳ್ಳದೆ ಇರೋಕೆ ಆಗಲ್ಲ, ಹಚ್ಕೊಳ್ಳದೆ ಸಾಕಿದ್ರೆ ಮರಿಗೆ ಮನುಷ್ಯರ ಮೇಲೆ ನಂಬಿಕೇನೂ ಬರಲ್ಲ. ಒಂದನ್ನ ಇಟ್ಕೊಂಡುಬಿಡೋಣ ಅನ್ನಿಸೋದೂ ಸಹಜ, ನಮ್ಮ ಮನೇಲಿ ಈಗ ಸೋಫಾ ಮೇಲೆ ಮಲಗಿರೋ ಮುದುಕಿ ನಾಯಿ ಹಂಗೇ ಉಳ್ಕೊಂಡಿದ್ದು. ತಪ್ಪೇನಿಲ್ಲ. ಆದ್ರೆ ನಂಗೇನಾಯ್ತು ಗೊತ್ತಾ, ಬಂದವ್ರಿಗೆಲ್ಲಾ ಏನಾದ್ರೂ ಒಂದು ಕೊಂಕು ತೆಗೆದೆ, ಇವ್ರ ಮನೇಲಿ ಮೆಟ್ಟಿಲು ಜಾಸ್ತಿ, ಅವ್ರು ಕೆಲಸಕ್ಕೆ ಹೋಗ್ತಾರೆ, ಅಂತೂ ಎಂಟು ತಿಂಗಳು ಕಳೀತು, ಆಮೇಲೆ ಯಾರೂ ಕೇಳೋರಿಲ್ಲ. ಆ ಎಂಟು ತಿಂಗಳಲ್ಲಿ ಬೇರೆ ಯಾವ ಮರಿಗೂ ನಮ್ಮ ಮನೇಲಿ ಜಾಗ ಇರಲಿಲ್ಲ, ಅದು ಈಗಲೂ ಚುಚ್ಚತ್ತೆ. ನೀವು ಇಟ್ಕೊಳ್ಳೋದಾದ್ರೆ ಮರಿಗಳು ಮನೆಗೆ ಬಂದ ಮೂರನೇ ವಾರದೊಳಗೆ ತೀರ್ಮಾನ ಮಾಡಿ ಹೇಳ್ಬಿಡಿ, ಕೊಡೋ ದಿನ ಬಾಗಿಲಲ್ಲಿ ನಿಂತು ಅಲ್ಲ. ಮಗನಿಗೆ ಮೊದಲ ದಿನವೇ ಹೇಳಿ ಇವು ಹೋಗ್ತವೆ ಅಂತ, ಕ್ಯಾಲೆಂಡರಲ್ಲಿ ಅವನ ಕೈಯಲ್ಲೇ ಸುತ್ತು ಹಾಕ್ಸಿ. ಹೋದ್ಮೇಲೆ ಮನೆ ಬಿಕೋ ಅನ್ನತ್ತೆ, ಮೂರ್ನಾಲ್ಕು ದಿನ ಊಟ ಸೇರಲ್ಲ, ಆ ಗ್ಯಾಪಲ್ಲೇ ಗುಂಪಿನವ್ರು ಇನ್ನೊಂದು ಡಬ್ಬ ಹಿಡ್ಕೊಂಡು ಬರ್ತಾರೆ. ತಕ್ಷಣ ಒಪ್ಕೋಬೇಡಿ, ಒಂದು ತಿಂಗಳು ಬಿಡಿ, ನಿಮ್ಮ ಲ್ಯಾಬ್ರಡಾರ್‌ಗೂ ಸ್ವಲ್ಪ ಉಸಿರಾಡೋಕೆ ಬಿಡಿ ಪಾಪ.

ಕಳಿಸೋಕೆ ಹತ್ತು ದಿನ ಇರೋವಾಗ ಅತ್ತೆಯವ್ರ ಹತ್ರ ಒಂದು ಹಳೇ ಕಾಟನ್ ಸೀರೆ ಕೇಳಿ, ಮೂರು ತುಂಡು ಮಾಡಿ ಮರಿಗಳ ಹಾಸಿಗೇಲಿ ಹಾಕ್ಬಿಡಿ, ಮೂರೂ ಅದ್ರ ಮೇಲೆ ಹೊರಳ್ಲಿ. ಹೋಗೋವಾಗ ಒಂದೊಂದಕ್ಕೂ ಒಂದೊಂದು ತುಂಡು ಸುತ್ತಿ ಕೊಡಿ, ಜೊತೆಗೆ ಲಸಿಕೆ ಕಾರ್ಡು, ಎರಡು ದಿನಕ್ಕಾಗೋ ಅದೇ ಊಟ. ಮೊದಲ ರಾತ್ರಿ ಹೊಸ ಮನೇಲಿ ಅಳೋ ಮರಿ ಆ ವಾಸನೆಗೆ ಮೂಗಿಟ್ಟು ಮಲಗತ್ತೆ. ಅತ್ತೆಯವ್ರಿಗೆ ಹೇಳಿ ಇದೇ ಅವುಗಳ ಮಡಿಲಕ್ಕಿ ಅಂತ. ತಗೊಂಡು ಹೋಗೋರಿಗೆ ಮಾತ್ರ ಎರಡು ಸಲ ಹೇಳಿ, ಗಲೀಜಾಗಿದೆ ಅಂತ ಆ ಬಟ್ಟೇನ ಒಂದು ವಾರ ಒಗೀಬೇಡಿ ಅಂತ.